ಅಂಗಾಂಗ ದಾನ (ಕರ್ನಾಟಕ)

ಕಸಿಗಾಗಿ ದೇಹದ ಅಂಗಗಳನ್ನು ಬದುಕಿರುವಾಗ ಅಥವಾ ಮರಣಾನಂತರ ನೀಡುವುದು. ಒಂದು ಮೂತ್ರಪಿಂಡವನ್ನೋ ಯಕೃತ್ತಿನ ಭಾಗವನ್ನೋ ಬಂಧುಗಳು ಬದುಕಿರುವಾಗಲೇ ಕೊಡಬಹುದು. ಹೃದಯಕ್ಕೆ ಮೃತ ದಾನಿಯೇ ಬೇಕು. ಭಾರತದಲ್ಲಿ ಬಹುಪಾಲು ಕಸಿ ನಡೆಯುವುದು ಜೀವಂತ ದಾನಿಗಳಿಂದ. ಅವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. 2023ರಲ್ಲಿ ದೇಶದ ಮೃತ ದಾನಿಗಳು ಸುಮಾರು 1,100. ಅದರಲ್ಲಿ ಕರ್ನಾಟಕದವರು 178. ಕೊರತೆಗೆ ಜನರ ಹಿಂಜರಿಕೆಯನ್ನೇ ದೂರುವುದು ರೂಢಿ. ಮಿದುಳುಕಾಂಡ ಮರಣವನ್ನು, ಅಂದರೆ ವೆಂಟಿಲೇಟರಿನ ನೆರವಿನಲ್ಲಿ ಹೃದಯ ಬಡಿಯುತ್ತಿದ್ದರೂ ಮಿದುಳು ಶಾಶ್ವತವಾಗಿ ನಿಂತ ಸ್ಥಿತಿಯನ್ನು, ಗುರುತಿಸಿ ಘೋಷಿಸುವ ಆಸ್ಪತ್ರೆಗಳು ಕಡಿಮೆ ಇರುವುದು ಬಹುಶಃ ಅಷ್ಟೇ ದೊಡ್ಡ ಕಾರಣ.

ಮಿದುಳುಕಾಂಡ ಮರಣ

ಈ ಮರಣಕ್ಕೂ ಹೃದಯ ನಿಂತು ಬರುವ ಸಾವಿಗೂ ಇರುವ ವ್ಯತ್ಯಾಸವನ್ನು 2021ರ ಎರಡು ಸಾವುಗಳು ತಿಳಿಸುತ್ತವೆ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದ ಮೇಲೆ ಕುಟುಂಬದವರು ಅಂಗಾಂಗಗಳನ್ನು ದಾನ ಮಾಡಿದರು. ಹೃದಯವೇ ನಿಂತು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರಿಂದ ಪಡೆದದ್ದು ಕಣ್ಣುಗಳನ್ನು. ಕಾರ್ನಿಯಾವನ್ನು ಪದರವಾಗಿ ಬಿಡಿಸಿದ್ದರಿಂದ ಅವು ನಾಲ್ವರಿಗೆ ಒದಗಿದವು. ರಕ್ತಸಂಚಾರ ನಿಂತ ಮೇಲೆ ಹೃದಯ, ಯಕೃತ್ತುಗಳು ಬೇಗ ಕೆಡುತ್ತವೆ. ಕಾರ್ನಿಯಾ ಸುಮಾರು ಆರು ಗಂಟೆ ಕಾಯುತ್ತದೆ.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡ ಮರಣವನ್ನು ಸಾವೆಂದು ಒಪ್ಪುತ್ತದೆ. ಘೋಷಿಸುವವರು ನಾಲ್ವರು ವೈದ್ಯರು. ಕಸಿ ತಂಡದವರು ಅವರಲ್ಲಿರುವಂತಿಲ್ಲ. ಮೊದಲು ನಿದ್ರೆಯ ಔಷಧ, ದೇಹದ ತಣುಪು, ರಕ್ತದ ಲವಣಗಳ ಏರುಪೇರು ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಪಾಪೆಗೆ ಬೆಳಕು ಬಿಡುತ್ತಾರೆ, ಕಣ್ಣಿಗೆ ಹತ್ತಿ ತಾಗಿಸುತ್ತಾರೆ, ಕಿವಿಗೆ ಮಂಜಿನಂಥ ತಣ್ಣೀರು ಹಾಕಿ ಕಣ್ಣುಗುಡ್ಡೆ ಕದಲುವುದೇ ಎಂದು ನೋಡುತ್ತಾರೆ, ಗಂಟಲಿಗೆ ನಳಿಗೆ ಇಳಿಸಿ ಕೆಮ್ಮು ಬರುವುದೇ ಎಂದು ಪರೀಕ್ಷಿಸುತ್ತಾರೆ. ಕೊನೆಯದು ಆಪ್ನಿಯಾ ಪರೀಕ್ಷೆ. ಶುದ್ಧ ಆಮ್ಲಜನಕ ಕೊಟ್ಟು ವೆಂಟಿಲೇಟರ್ ಬಿಡಿಸಿ, ಎದೆ ಒಮ್ಮೆಯಾದರೂ ಏರುವುದೇ ಎಂದು ಎಂಟು ಹತ್ತು ನಿಮಿಷ ಗಮನಿಸಬೇಕು. ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿ.ಮೀ. ಪಾದರಸ ಮುಟ್ಟಿದರೂ ಉಸಿರಾಟ ಹುಟ್ಟದಿದ್ದರೆ ಫಲಿತಾಂಶ ಖಚಿತ. ಕನಿಷ್ಠ ಆರು ಗಂಟೆ ಬಿಟ್ಟು ಇಷ್ಟನ್ನೂ ಮತ್ತೆ ಮಾಡಿ ನಮೂನೆ 10ಕ್ಕೆ ನಾಲ್ವರೂ ಸಹಿ ಹಾಕುತ್ತಾರೆ. ಕೋಮಾದಲ್ಲಿರುವ ರೋಗಿ ಈ ಪರೀಕ್ಷೆಗಳಲ್ಲಿ ಒಂದಕ್ಕಾದರೂ ಪ್ರತಿಕ್ರಿಯಿಸಬಲ್ಲ. ಆದರೆ ಮಾನಿಟರಿನಲ್ಲಿ ಎದೆಬಡಿತ ಓಡುತ್ತಿರುವುದನ್ನು ಕಾಣುವ ಮನೆಯವರಿಗೆ ಇದು ಸಾವೆಂದು ಒಪ್ಪುವುದು ಸುಲಭವಲ್ಲ.

ನೋಂದಣಿ

ಹದಿನೆಂಟು ತುಂಬಿದವರು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ಮೂಲಕ ಅಥವಾ ಕೇಂದ್ರದ ಅಂಗಾಂಗ ಕಸಿ ಸಂಸ್ಥೆಯಾದ ನೋಟ್ಟೋದ ಜಾಲತಾಣದಲ್ಲಿ ಆಧಾರ್ ಆಧಾರದಲ್ಲಿ ಪ್ರತಿಜ್ಞೆ ನೋಂದಾಯಿಸಬಹುದು. ಶುಲ್ಕವಿಲ್ಲ, ಯಾವಾಗ ಬೇಕಾದರೂ ಹಿಂಪಡೆಯಬಹುದು. ಪ್ರತಿಜ್ಞೆಗೆ ಕಾನೂನಿನ ಬಲವಿದ್ದರೂ ವಾಡಿಕೆಯಲ್ಲಿ ನಮೂನೆ 8ಕ್ಕೆ ಹತ್ತಿರದ ಬಂಧು ಸಹಿ ಹಾಕದೆ ಯಾವ ಆಸ್ಪತ್ರೆಯೂ ಮುಂದುವರಿಯುವುದಿಲ್ಲ. ಹಾಗಾಗಿ ಹೆಂಡತಿಗೋ ಮಕ್ಕಳಿಗೋ ತಿಳಿಸದೆ ಪರ್ಸಿನಲ್ಲಿಟ್ಟ ಕಾರ್ಡಿನಿಂದ ಹೆಚ್ಚು ಪ್ರಯೋಜನವಾಗದು. ದೇಹದಾನದ ನೋಂದಣಿ ಬೇರೆ. ಅದು ವೈದ್ಯಕೀಯ ಕಾಲೇಜುಗಳ ಕೆಲಸ.

ಹಂಚಿಕೆ

ಕಾಯುವವರ ಪಟ್ಟಿ ಜೀವಸಾರ್ಥಕತೆಯಲ್ಲಿರುತ್ತದೆ; ರೋಗಿಯ ಹೆಸರನ್ನು ಆಸ್ಪತ್ರೆಯ ಮೂಲಕ ಸೇರಿಸಬೇಕು. ಹೊರತೆಗೆದ ಹೃದಯಕ್ಕೆ ನಾಲ್ಕರಿಂದ ಆರು ಗಂಟೆಯ ಆಯುಷ್ಯ, ಆದ್ದರಿಂದಲೇ ಆಂಬುಲೆನ್ಸಿಗಾಗಿ ರಸ್ತೆ ತೆರವು ಮಾಡುವ ಝೀರೋ ಟ್ರಾಫಿಕ್ ವ್ಯವಸ್ಥೆ. ಮೂತ್ರಪಿಂಡ ಒಂದು ದಿನದವರೆಗೂ ತಾಳುತ್ತದೆ. ಅಪಘಾತದ ಪ್ರಕರಣಗಳಲ್ಲಿ ಪೊಲೀಸರ ಅನುಮತಿ, ಮರಣೋತ್ತರ ಪರೀಕ್ಷೆ ಕಡ್ಡಾಯ. ಅಂಗದಾನವಿದ್ದಲ್ಲಿ ಸೂರ್ಯಾಸ್ತದ ನಂತರವೂ ಅದನ್ನು ನಡೆಸಲು ಕೇಂದ್ರ 2021ರ ನವೆಂಬರಿನಲ್ಲಿ ಅವಕಾಶ ಕೊಟ್ಟಿತು.