ಆವರೇಜ್ ಎಂಬ ಕಡಲ ಪದ

ಮೊತ್ತವನ್ನು ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆಂದು ನಾನು ಕಪ್ಪುಹಲಗೆಯ ಮೇಲೆ ಬರೆದದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅದಕ್ಕೆ ಇಂಗ್ಲಿಷಿನಲ್ಲಿ ‘ಆವರೇಜ್’ ಎಂಬ ಹೆಸರಿದೆಯಷ್ಟೆ. ಆ ಪದ ಗಣಿತಕ್ಕೆ ಬಂದದ್ದು ಹಡಗಿನ ವ್ಯಾಪಾರದಿಂದ. ನಿವೃತ್ತಿಯ ಬಿಡುವಿನಲ್ಲಿ ಇದನ್ನು ಓದಿ ತಿಳಿದಾಗ ನನಗಾದ ಸಂತೋಷವನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಬರಹ.

ಹಾಳಾದ ಸರಕಿಗೆ ಅರಬ್ಬಿ ಭಾಷೆಯಲ್ಲಿ ‘ಅವಾರ್’ ಎಂಬ ಶಬ್ದವಿತ್ತು. ಅದು ಇಟಲಿಯ ವರ್ತಕರ ಬಾಯಲ್ಲಿ ‘ಅವರಿಯಾ’, ಫ್ರೆಂಚರಲ್ಲಿ ‘ಅವರಿ’ ಆಗಿ, ಇಂಗ್ಲೆಂಡಿಗೆ ಬರುವಾಗ ‘ಆವರೇಜ್’ ಆಯಿತೆಂಬುದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ. ಮೊದಲು ಅದರ ಅರ್ಥ ಕಡಲಿನಲ್ಲಾದ ನಷ್ಟ. ಆಮೇಲೆ, ಆ ನಷ್ಟವನ್ನು ಎಲ್ಲರಿಗೂ ಹಂಚುವುದು. ಹಂಚುವ ಈ ಕ್ರಮವೇ 18ನೆಯ ಶತಮಾನದಲ್ಲಿ ಗಣಿತದ ಸರಾಸರಿಗೂ ಹೆಸರಾಯಿತು.

ಹಂಚಿಕೆಯ ನಿಯಮ ಪದಕ್ಕಿಂತಲೂ ಬಹಳ ಹಳೆಯದು. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಪ್ರಕಟಿಸಿದ ರೋಮನ್ ಕಾನೂನು ಸಂಗ್ರಹದಲ್ಲಿ ಅದು ಗ್ರೀಕರ ರೋಡ್ಸ್ ದ್ವೀಪದ ಕಟ್ಟಳೆಯೆಂದು ದಾಖಲಾಗಿದೆ. ಬಿರುಗಾಳಿಗೆ ಸಿಕ್ಕ ಹಡಗಿನ ಭಾರ ಇಳಿಸಲು ಒಬ್ಬನ ಸರಕನ್ನು ನೀರಿಗೆ ಎಸೆದರೆ, ಉಳಿದವರೆಲ್ಲರೂ ಸೇರಿ ಅವನಿಗೆ ತುಂಬಿಕೊಡಬೇಕು. ಇದಕ್ಕೆ ‘ಜನರಲ್ ಆವರೇಜ್’ ಎನ್ನುತ್ತಾರೆ. ಅಲೆ ನುಗ್ಗಿ ನಿಮ್ಮ ಮೂಟೆ ತಾನಾಗಿ ನೆನೆದು ಹಾಳಾದರೆ ಅದು ‘ಪರ್ಟಿಕ್ಯುಲರ್ ಆವರೇಜ್’. ಆ ನಷ್ಟ ನಿಮ್ಮೊಬ್ಬರದೇ.

ಮೇಷ್ಟರ ಅಭ್ಯಾಸ ಬಿಡದು, ಒಂದು ಲೆಕ್ಕ ಮಾಡೋಣ. ಹಡಗಿನ ಬೆಲೆ 60 ಲಕ್ಷ. ಅದರಲ್ಲಿ ಒಬ್ಬನ ಮೆಣಸು 20 ಲಕ್ಷದ್ದು, ಇನ್ನೊಬ್ಬನ ಬಟ್ಟೆ 15 ಲಕ್ಷದ್ದು, ಮೂರನೆಯವನ ಅಕ್ಕಿ 5 ಲಕ್ಷದ್ದು. ಒಟ್ಟು ಒಂದು ಕೋಟಿ. ಅಕ್ಕಿಯನ್ನೆಲ್ಲ ಸಮುದ್ರಕ್ಕೆ ಎಸೆದು ಹಡಗು ಉಳಿಯಿತು. ನಷ್ಟ ಶೇಕಡ 5. ಹಡಗಿನವನು 3 ಲಕ್ಷ, ಮೆಣಸಿನವನು 1 ಲಕ್ಷ, ಬಟ್ಟೆಯವನು 75 ಸಾವಿರ ಕೊಡುತ್ತಾರೆ. ಅಕ್ಕಿಯವನಿಗೆ ಸಿಗುವುದು 4 ಲಕ್ಷ 75 ಸಾವಿರ. ಉಳಿದ 25 ಸಾವಿರ ಅವನ ಪಾಲಿನ ನಷ್ಟ. ಎಲ್ಲವನ್ನೂ ಕಳೆದುಕೊಂಡವನೂ ಪಾಲು ಹೊರುತ್ತಾನೆ. ಇಲ್ಲವಾದರೆ ಅವನೊಬ್ಬನೇ ಏನನ್ನೂ ಕಳೆದುಕೊಳ್ಳದೆ ಪಾರಾದಂತಾಗುತ್ತದೆ. ಎಷ್ಟು ನಯವಾದ ನ್ಯಾಯ!

ಹಡಗಿನಲ್ಲಿರುವ ಮನುಷ್ಯರಿಗೂ ಪಾಲು ಹಾಕಬೇಕೇ ಎಂಬ ಪ್ರಶ್ನೆ ರೋಮನ್ ನ್ಯಾಯವಿದರಿಗೂ ಬಂದಿತ್ತು. ಸ್ವತಂತ್ರ ಮನುಷ್ಯನ ದೇಹಕ್ಕೆ ಬೆಲೆ ಕಟ್ಟಲಾಗದು ಎಂಬುದು ಅವರ ತೀರ್ಮಾನ. ‘ಸ್ವತಂತ್ರ’ ಎಂಬ ವಿಶೇಷಣವನ್ನು ಗಮನಿಸಿ.

1781ರಲ್ಲಿ ‘ಜಾಂಗ್’ ಎಂಬ ಬ್ರಿಟಿಷ್ ಹಡಗು ನಾನೂರಕ್ಕೂ ಹೆಚ್ಚು ಆಫ್ರಿಕನ್ ಗುಲಾಮರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟಿತ್ತು. ದಾರಿ ತಪ್ಪಿತು. ಕುಡಿಯುವ ನೀರು ಸಾಲದೆಂದು ಹೇಳಿ ನಾವಿಕರು ನವೆಂಬರ್ 29ರಿಂದ ಕೆಲವು ದಿನಗಳಲ್ಲಿ 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಕಡಲಿಗೆ ಎಸೆದರು. ಲಿವರ್‌ಪೂಲಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು. ಉಳಿದ ಸರಕನ್ನು ಉಳಿಸಲು ಒಂದು ಭಾಗವನ್ನು ಎಸೆಯಬೇಕಾಯಿತು ಎಂಬ ಆ ಹಳೆಯ ತರ್ಕವೇ ಅವರ ವಾದ. 1783ರಲ್ಲಿ ಜ್ಯೂರಿ ಅದನ್ನು ಒಪ್ಪಿತು! ವಿಮೆಗಾರರು ಮೇಲೆ ಹೋದಾಗ, ಕೊನೆಯ ಗುಂಪನ್ನು ಎಸೆಯುವ ಮೊದಲೇ ಮಳೆ ಬಂದಿತ್ತೆಂಬ ಸಂಗತಿ ಹೊರಬಿತ್ತು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮರುವಿಚಾರಣೆಗೆ ಆಜ್ಞೆ ಮಾಡಿದ. ಅದು ನಡೆದ ದಾಖಲೆಯಿಲ್ಲ. ತಾನೂ ಗುಲಾಮನಾಗಿದ್ದ ಒಲಾಡಾ ಎಕ್ವಿಯಾನೊ ಸುದ್ದಿ ಮುಟ್ಟಿಸಿದ ಮೇಲೆ ಗ್ರಾನ್‌ವಿಲ್ ಶಾರ್ಪ್ ಎಂಬಾತ ಕೊಲೆಯ ಮೊಕದ್ದಮೆ ಹೂಡಿಸಲು ಹೆಣಗಿದ, ಫಲಿಸಲಿಲ್ಲ. ಹೀಗೆ ಎಸೆದವರಿಗೆ ವಿಮೆ ಸಿಗದಂತೆ ಬ್ರಿಟಿಷ್ ಸಂಸತ್ತು 1790ರಲ್ಲಿ ಕಾನೂನು ಮಾಡಿತು. ಆ ಮೊಕದ್ದಮೆಯ ವಿವರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ದೇಶಕ್ಕೊಂದು ರೀತಿಯಿದ್ದ ಈ ನಿಯಮಗಳನ್ನು 1864ರಲ್ಲಿ ಯಾರ್ಕಿನಲ್ಲಿ, 1877ರಲ್ಲಿ ಆಂಟ್‌ವರ್ಪಿನಲ್ಲಿ ಸಭೆ ಸೇರಿ ಒಂದುಗೂಡಿಸಿದರು. ಯಾರ್ಕ್–ಆಂಟ್‌ವರ್ಪ್ ನಿಯಮಗಳೆಂಬ ಹೆಸರಿನಲ್ಲಿ ಅವು ಇಂದಿಗೂ ಚಾಲ್ತಿಯಲ್ಲಿವೆ, 2016ರಲ್ಲೂ ಪರಿಷ್ಕರಣೆಯಾಯಿತು. ನಮ್ಮ ದೇಶದ 1963ರ ಸಾಗರ ವಿಮಾ ಕಾಯ್ದೆಯಲ್ಲಿಯೂ ಈ ಪದವಿದೆ.

2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ನಿಂತ ‘ಎವರ್ ಗಿವನ್’ ನಿಮಗೆಲ್ಲ ನೆನಪಿರಬೇಕು. ಅದರ ನಾವಿಕರು 25 ಮಂದಿಯೂ ಭಾರತೀಯರು. ಅಲ್ಲಿ ಯಾರೂ ಏನನ್ನೂ ಎಸೆಯಲಿಲ್ಲ. ಆದರೆ ಹಡಗನ್ನು ಬಿಡಿಸಿದ ಖರ್ಚೂ ಎಲ್ಲರನ್ನೂ ಉಳಿಸಲೆಂದೇ ಆದದ್ದಾದ್ದರಿಂದ, ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಸುಮಾರು 18,000 ಕಂಟೇನರುಗಳ ಒಡೆಯರೆಲ್ಲರೂ ಪಾಲುದಾರರಾದರು.

ಅದಕ್ಕೂ ಮೊದಲು, 2018ರ ಮಾರ್ಚಿನಲ್ಲಿ, ಅರಬ್ಬಿ ಸಮುದ್ರದಲ್ಲಿ ‘ಮೇರ್ಸ್ಕ್ ಹೋನಂ’ ಹಡಗಿಗೆ ಬೆಂಕಿ ಬಿದ್ದು ಐವರು ನಾವಿಕರು ತೀರಿಕೊಂಡರು. ಸರಕು ಬಿಡಿಸಿಕೊಳ್ಳಬೇಕಾದರೆ ಅದರ ಬೆಲೆಯ ಶೇಕಡ 54ರಷ್ಟಕ್ಕೆ ಭದ್ರತೆ ಕೊಡಬೇಕೆಂದಾಯಿತು. ವಿಮೆ ಮಾಡಿಸಿದವರ ಪರವಾಗಿ ಕಂಪನಿಗಳು ಜಾಮೀನು ಬರೆದುಕೊಟ್ಟವು. ವಿಮೆಯಿಲ್ಲದವರು ನಗದನ್ನೇ ಕಟ್ಟಬೇಕು, ಅಲ್ಲಿಯವರೆಗೆ ಪೆಟ್ಟಿಗೆ ಕೈಗೆ ಬಾರದು.

ನಮ್ಮ ಬಳಗದಲ್ಲಿ ಹೊರದೇಶಕ್ಕೆ ಮನೆಯ ಸಾಮಾನನ್ನು ಕಂಟೇನರಿನಲ್ಲಿ ಸಾಗಿಸುವವರಿದ್ದೀರಿ. ಪಾತ್ರೆ, ಪುಸ್ತಕ, ಅಜ್ಜಿಯ ಮರದ ಪೆಟ್ಟಿಗೆ ಎಲ್ಲಕ್ಕೂ ಇದೇ ನಿಯಮ. ವಿಮೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ‘ಜನರಲ್ ಆವರೇಜ್’ ಎಂಬ ಎರಡು ಪದಗಳಿವೆಯೇ ಎಂದು ನೋಡಿಕೊಳ್ಳಿ.