ಸುಬಾಬುಲ್

ಸುಬಾಬುಲ್: ಲೆಗ್ಯೂಮಿನೋಸೀ ಕುಟುಂಬದ ಮೈಮೋಸಾಯ್ಡೀ ಉಪಕುಟುಂಬಕ್ಕೆ ಸೇರಿದ, ಬೇಗ ಬೆಳೆಯುವ ಮರ. ಶಾಸ್ತ್ರೀಯ ನಾಮ ಲ್ಯೂಸೀನ ಲ್ಯೂಕೊಕೆಫಾಲ. ಇದರ ಸೊಪ್ಪು ದನ, ಕುರಿ, ಮೇಕೆಗಳಿಗೆ ಮೇವು. ಕಾಂಡ ಮತ್ತು ಕೊಂಬೆಗಳು ಸೌದೆ, ಇದ್ದಿಲು ಹಾಗೂ ವಿದ್ಯುತ್ ಉತ್ಪಾದನೆಗೆ ಇಂಧನ. ಕಡಿದಷ್ಟೂ ಬುಡದಿಂದ ಚಿಗುರುವ ಗುಣವೇ ಈ ಎರಡೂ ಉಪಯೋಗಗಳಿಗೆ ಆಧಾರ.

ಜಾಲಿಗೆ ಹತ್ತಿರದ ಸಂಬಂಧಿಯಾದರೂ ಸುಬಾಬುಲ್‌ಗೆ ಮುಳ್ಳಿಲ್ಲ. ಎಲೆ ಎರಡು ಸಲ ಸೀಳಿದ ಗರಿಯಂಥದು, ಹೂಗೊಂಚಲು ಬಿಳಿಯ ಚೆಂಡಿನಂಥದು, ಕಾಯಿ ಚಪ್ಪಟೆ. ಎತ್ತರದ ತಳಿಗಳು 20 ಮೀಟರಿನವರೆಗೆ ಬೆಳೆಯುತ್ತವೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ನೀರು ನಿಲ್ಲುವ ಜಾಗ ಮತ್ತು ಹುಳಿ ಮಣ್ಣು ಇದಕ್ಕೆ ಒಗ್ಗುವುದಿಲ್ಲ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಬಿತ್ತುವ ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆಯುವುದು ರೂಢಿ.

ಪ್ರಸಾರ: ಇದರ ತವರು ದಕ್ಷಿಣ ಮೆಕ್ಸಿಕೊ ಮತ್ತು ಅದಕ್ಕೆ ಹೊಂದಿಕೊಂಡ ಮಧ್ಯ ಅಮೆರಿಕ. ಸ್ಪೇನಿನ ಹಡಗುಗಳ ಮೂಲಕ ಫಿಲಿಪೀನ್ಸ್ ತಲುಪಿ, ಅಲ್ಲಿಂದ ಏಷ್ಯದ ಇತರೆಡೆಗೆ ಹಬ್ಬಿತು. ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್ ಎತ್ತರದ ತಳಿಗಳನ್ನು ಆರಿಸಿ ಬೆಳೆಸಿದ ಮೇಲೆ ಇದರ ಬಗ್ಗೆ ಆಸಕ್ತಿ ಹೆಚ್ಚಿತು. ಭಾರತದಲ್ಲಿ 1970ರ ದಶಕದಿಂದ ಇದನ್ನು ರೈತರಿಗೆ ಪರಿಚಯಿಸಿದವರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿ ಸ್ಥಾಪಿಸಿದ ಬೈಫ್ ಸಂಸ್ಥೆ ಪ್ರಮುಖವಾದುದು.

ಮೇವಾಗಿ: ಒಣತೂಕದ ಲೆಕ್ಕದಲ್ಲಿ ಸೊಪ್ಪಿನಲ್ಲಿ ಶೇ. 20ರಿಂದ 30ರಷ್ಟು ಕಚ್ಚಾ ಪ್ರೋಟೀನ್ ಇದೆ. ಭತ್ತದ ಹುಲ್ಲು, ಜೋಳದ ಸೊಪ್ಪೆಯಂಥ ಸಾರ ಕಡಿಮೆಯಿರುವ ಒಣಮೇವಿನ ಜೊತೆ ಸೇರಿಸಿದರೆ ಆ ಕೊರತೆ ತುಂಬುತ್ತದೆ. ಬದುಗಳ ಮೇಲೆ ಒತ್ತಾಗಿ ನೆಟ್ಟು, ಸುಮಾರು ಆರು ತಿಂಗಳಿಗೆ ಮೊದಲ ಕಟಾವು ಮಾಡಿ, ಅನಂತರ ಒಂದೂವರೆ ಎರಡು ತಿಂಗಳಿಗೊಮ್ಮೆ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ ಬಿಟ್ಟು ಸವರುತ್ತಾರೆ. ಇಂಡೊನೇಷ್ಯದ ಪಶ್ಚಿಮ ಟಿಮೋರಿನ ಅಮರಸಿ ಪ್ರದೇಶದಲ್ಲಿ ರೈತರು ಹೊಲದಲ್ಲಿ ಸುಬಾಬುಲ್ ಸಾಲು ನೆಡಲೇಬೇಕೆಂದು 1930ರ ದಶಕದಲ್ಲಿ ಆಡಳಿತ ಕಟ್ಟುಮಾಡಿತ್ತು. ಹೋರಿಗಳನ್ನು ಕಟ್ಟಿಹಾಕಿ, ಸೊಪ್ಪು ಕಡಿದು ತಂದು ತಿನ್ನಿಸಿ ಕೊಬ್ಬಿಸುವ ಪದ್ಧತಿ ಅಲ್ಲಿ ಬೇರೂರಿತು.

ಸೊಪ್ಪಿನಲ್ಲಿ, ಅದರಲ್ಲೂ ಎಳೆಚಿಗುರು ಮತ್ತು ಬೀಜದಲ್ಲಿ, ಮೈಮೋಸಿನ್ ಎಂಬ ವಿಷಕಾರಿ ಅಮೈನೊ ಆಮ್ಲವಿದೆ. ಅತಿಯಾಗಿ ತಿಂದ ಪ್ರಾಣಿಗಳ ಕೂದಲು ಉದುರುತ್ತದೆ, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ, ತೂಕ ಇಳಿಯುತ್ತದೆ. ಆದ್ದರಿಂದ ಮೆಲುಕುಹಾಕುವ ಪ್ರಾಣಿಗಳಿಗೆ ಇದು ಒಟ್ಟು ಮೇವಿನ ಮೂರನೆಯ ಒಂದು ಭಾಗ ಮೀರಬಾರದೆಂಬುದು ಸಾಮಾನ್ಯ ಸಲಹೆ. ಕುದುರೆ, ಹಂದಿ, ಕೋಳಿಗಳಿಗೆ ತೀರ ಕಡಿಮೆ ಕೊಡಬೇಕು. ಹವಾಯಿಯ ಮೇಕೆಗಳಿಗೆ ಈ ತೊಂದರೆ ಇಲ್ಲದಿರುವುದನ್ನು ಗಮನಿಸಿದ ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್, ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ವಿಷವನ್ನು ಒಡೆಯುತ್ತವೆಂದು ತೋರಿಸಿದರು. ಅಂಥ ಒಂದು ಬ್ಯಾಕ್ಟೀರಿಯಕ್ಕೆ 1992ರಲ್ಲಿ ಅವರ ಗೌರವಾರ್ಥ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಡಲಾಯಿತು. ಆಸ್ಟ್ರೇಲಿಯದಲ್ಲಿ ಈ ಜೀವಿಗಳಿರುವ ದ್ರವವನ್ನು ದನಗಳಿಗೆ ಕುಡಿಸುವುದುಂಟು.

ಇಂಧನವಾಗಿ: ಒಣಸೌದೆಯ ಶಾಖಮೌಲ್ಯ ಕಿಲೊಗ್ರಾಮಿಗೆ 4,200ರಿಂದ 4,600 ಕಿಲೊಕ್ಯಾಲೊರಿ. ಸೌದೆಗಾಗಿ ಬೆಳೆಸುವ ಮರವನ್ನು ಮೂರು ನಾಲ್ಕು ವರ್ಷಕ್ಕೆ ಕಡಿಯಬಹುದು. ವಿದ್ಯುತ್ತಿಗೆ ಬಳಸುವ ಒಂದು ವಿಧಾನ ಅನಿಲೀಕರಣ: ಚೆನ್ನಾಗಿ ಒಣಗಿದ ಕಟ್ಟಿಗೆಯ ತುಂಡುಗಳನ್ನು ಮಿತವಾದ ಗಾಳಿಯಲ್ಲಿ ಉರಿಸಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲ ಬರುತ್ತದೆ, ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಬಿಡುತ್ತಾರೆ. ಕಟ್ಟಿಗೆಯಿಂದ ಹೀಗೆ ವಿದ್ಯುತ್ ತಯಾರಿಸಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸ್ಥಾಪಿಸಿದ ಘಟಕ ತೋರಿಸಿಕೊಟ್ಟಿತು. ಊರಿನ ದೀಪ, ನೀರಿನ ಪಂಪು, ಹಿಟ್ಟಿನ ಗಿರಣಿಗಳು ಅದರಿಂದ ನಡೆದವು. ದೊಡ್ಡ ಪ್ರಮಾಣದ ಪ್ರಯತ್ನಗಳೆಲ್ಲ ಫಲಿಸಿಲ್ಲ. ತೈಲ ಬಿಕ್ಕಟ್ಟಿನ ಬಳಿಕ ಫಿಲಿಪೀನ್ಸ್ ಸರ್ಕಾರ ಸುಬಾಬುಲ್ ನೆಡುತೋಪುಗಳನ್ನೇ ನಂಬಿ ಸೌದೆ ವಿದ್ಯುತ್ ಸ್ಥಾವರಗಳ ಯೋಜನೆ ಹಾಕಿತು. ಬಡಮಣ್ಣಿನಲ್ಲಿ ತೋಪುಗಳು ಸರಿಯಾಗಿ ಏಳದೆ ಕೆಲವೇ ಸ್ಥಾವರಗಳು ಕೆಲಸ ಆರಂಭಿಸಿದವು.

ಕೀಟ ಮತ್ತು ಕಳೆ: 1980ರ ದಶಕದ ಮಧ್ಯದಿಂದ ಹೆಟೆರೊಪ್ಸಿಲ್ಲ ಕ್ಯೂಬಾನ ಎಂಬ ರಸ ಹೀರುವ ಕೀಟ ಪೆಸಿಫಿಕ್ ದ್ವೀಪಗಳಿಂದ ಏಷ್ಯಕ್ಕೆ ಹರಡಿ ಚಿಗುರನ್ನು ಹಾಳುಮಾಡಿತು. ಅದನ್ನು ತಿನ್ನುವ ಒಂದು ಬಗೆಯ ಗುಲಗಂಜಿ ಹುಳುವನ್ನು ಭಾರತಕ್ಕೂ ತಂದು ಬಿಡಲಾಯಿತು. ಇನ್ನೊಂದು ದೊಡ್ಡ ತೊಡಕು ಬೀಜದ್ದು. ಮರ ಹೇರಳವಾಗಿ ಕಾಯಿಬಿಟ್ಟು, ಬೀಳುಭೂಮಿ ಮತ್ತು ಹಳ್ಳದ ದಂಡೆಗಳಲ್ಲಿ ಪೊದೆಗಟ್ಟಿ, ಸ್ಥಳೀಯ ಗಿಡಗಳನ್ನು ಹತ್ತಿಕ್ಕುತ್ತದೆ. ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಸೇರಿದೆ. ಬೀಜ ಕಟ್ಟದ ಮಿಶ್ರತಳಿಯನ್ನು ಹವಾಯಿಯಲ್ಲಿ ಅಭಿವೃದ್ಧಿಪಡಿಸಲಾಗಿದೆ.

ಮೇವಿಗಾಗಿ ಆಗಾಗ ಸವರುವ ಸಾಲಿನಲ್ಲಿ ಕಾಯಿ ಕಟ್ಟುವುದು ಅಪರೂಪ. ಸೌದೆಗಾಗಿ ವರ್ಷಗಟ್ಟಲೆ ಬಿಟ್ಟ ತೋಪಿನಿಂದಲೇ ಬೀಜ ಹರಡುವ ಅಪಾಯ ಹೆಚ್ಚು. ಆದ್ದರಿಂದ ಬೀಜ ಕಟ್ಟುವ ತಳಿಯನ್ನು ಸೌದೆಗೆ ಬೆಳೆಸುವವರು ಕಾಯಿ ಬಲಿಯುವ ಮುನ್ನ ಕೊಂಬೆ ಸವರಬೇಕು, ಹಳ್ಳ ಹಾಗೂ ಅರಣ್ಯದ ಅಂಚಿನಲ್ಲಿ ನೆಡಬಾರದು.