ಹೊಗೆಗೂಡಿನ ಚರಿತ್ರೆ: ಹೈದರಾಬಾದಿನಿಂದ ‘ಅಸ್ತ್ರ’ ಒಲೆಯವರೆಗೆ

ಸೌದೆಯ ಒಲೆಯ ಹೊಗೆಗೆ ನಮ್ಮ ಹಳೆಯ ಮನೆಗಳಲ್ಲಿ ಇದ್ದ ದಾರಿಯೆಂದರೆ ಗವಾಕ್ಷಿ ಅಥವಾ ಹೆಂಚಿನ ಸಂದು. ಒಲೆಗೇ ಕೊಳವೆ ಜೋಡಿಸಿ ಹೊಗೆಯನ್ನು ಮಾಡಿನಾಚೆಗೆ ಕಳುಹಿಸುವ ವಿಚಾರವನ್ನು ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು 1953ರಲ್ಲಿ ‘ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್’ ಎಂಬ ಪುಸ್ತಕದಲ್ಲಿ ಮಂಡಿಸಿದರು. ಸಾಮಾನ್ಯರ ಮಣ್ಣಿನ ಒಲೆಯೇ ಅವರ ಪರಿಶೀಲನೆಯ ವಸ್ತುವಾಗಿತ್ತೆಂಬುದು ಗಮನಾರ್ಹ.

ತತ್ತ್ವ ಸರಳವಾದುದು. ಬಿಸಿಗಾಳಿ ಹಗುರವಾಗಿ ಕೊಳವೆಯಲ್ಲಿ ಏರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳಸೇರುತ್ತದೆ. ಆದರೆ ಈ ಸೆಳೆತ ಮಿತಿಮೀರಿದರೆ ಶಾಖವೂ ಹೊಗೆಯೊಡನೆ ಹೊರಟುಹೋಗುತ್ತದೆ. ಕುಗ್ಗಿದರೆ ಹೊಗೆ ಅಡುಗೆಮನೆಗೇ ಮರಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು 1980ರ ದಶಕದಲ್ಲಿ ರೂಪಿಸಿದ ಒಲೆ ಈ ತೊಡಕಿಗೆ ಉತ್ತರವಾಗಿತ್ತು. ಉರಿಯ ಕೆಳಗೆ ಜಾಲರಿ, ಒಂದೇ ಉರಿಗೆ ಮೂರು ಪಾತ್ರೆ, ಕೊನೆಯಲ್ಲಿ ಹೊಗೆಗೂಡು: ಹೊಗೆ ಹೊರಹೋಗುವ ಮುನ್ನ ಅದರ ಶಾಖವೆಲ್ಲ ಬಳಕೆಯಾಗಬೇಕೆಂಬುದು ಇದರ ಆಶಯ.

ಕೇಂದ್ರ ಸರ್ಕಾರ 1983ರಲ್ಲಿ ಕೈಗೊಂಡ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೋಟ್ಯಂತರ ಒಲೆಗಳನ್ನು ಹಂಚಿ 2002ರಲ್ಲಿ ನಿಂತಿತು. ಅವುಗಳಲ್ಲಿ ಅನೇಕವು ಬಹುಕಾಲ ಬಾಳಲಿಲ್ಲ. ಕೊಳವೆಯೊಳಗೆ ಮಸಿ ಕಟ್ಟಿತು, ಮಣ್ಣು ಬಿರಿಯಿತು. ದುರಸ್ತಿಗೆ ಏರ್ಪಾಡು ಸಾಲದಾಯಿತು. ಕಟ್ಟಿದ ಒಲೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವು ಉರಿಯುತ್ತಿವೆಯೇ ಎಂದು ನೋಡಲಿಲ್ಲ. ಹೊಗೆಗೂಡಿನ ಚರಿತ್ರೆಯನ್ನು ವಿನ್ಯಾಸಗಳ ಸರಣಿಯಾಗಿ ಮಾತ್ರ ಬರೆದರೆ ಅದು ಅಪೂರ್ಣ. ಮಸಿ ತೆಗೆಯುವ ದುಡಿಮೆ ಯಾರ ಪಾಲಿಗೆ ಬಂತು ಎಂಬ ಪ್ರಶ್ನೆಯೂ ಅದರೊಳಗೆ ಸೇರಬೇಕು.